ಒಂದೇ ಕಿವಿಗೆ ಫೋನು ಹಿಡಿಯುವ ಮಗು

ಹೋದ ಸಂಚಿಕೆಯಲ್ಲಿ ಮಾವಿನಕಾಯಿ ಗೊಜ್ಜಿನ ಮಾತಾಯಿತು. ಈ ಸಲ ಕೊಂಚ ಭಾರವಾದ ಮಾತು ಸೋದರಿಯರೇ. ಹೆದರಬೇಡಿ, ಪೂರ್ತಿ ಓದಿ.

ನನ್ನ ತಂಗಿಯ ಮಗಳಿಗೆ ಹನ್ನೊಂದು ವರ್ಷ. ಎಡಗಡೆ ನಿಂತು ಕರೆದರೆ ತಿರುಗುತ್ತಲೇ ಇರಲಿಲ್ಲ. “ಎಷ್ಟು ಜಂಬ ನೋಡು” ಅಂತ ನಾನೇ ಗದರಿದ್ದೇನೆ. ಗುಗ್ಗೆ ಕಟ್ಟಿರಬೇಕೆಂದು ಬೆಚ್ಚಗಿನ ಎಣ್ಣೆ ಬಿಟ್ಟದ್ದೂ ಆಯಿತು. ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದಳು. ಅದು ಯಾರ ಗಮನಕ್ಕೂ ಬರಲಿಲ್ಲ. ಕತ್ತಲಲ್ಲಿ ಹಿತ್ತಲಿಗೆ ಹೋಗುವಾಗ ಓಲಾಡತೊಡಗಿದ ಮೇಲೆ ಕಿವಿ ಡಾಕ್ಟರ ಹತ್ತಿರ ಓಡಿದ್ದು. ಅವರು ಶ್ರವಣ ಪರೀಕ್ಷೆ ಮಾಡಿ, ಎಂಆರ್‌ಐ ತೆಗೆಸಿದರು. ಕಿವಿಯ ನರದ ಮೇಲೆ ಗಡ್ಡೆ!

“ಅಕ್ಕಾ, ಕ್ಯಾನ್ಸರ್ರಾ?” ಅಂತ ತಂಗಿ ಬಿಕ್ಕಿದಳು.

ಅಲ್ಲ. ಮಿದುಳಿನಿಂದ ನೇರ ಹೊರಡುವ ನರಗಳು 12 ಜೊತೆ. ಎಂಟನೆಯದು ಕೇಳಿಸಿಕೊಳ್ಳುವುದಕ್ಕೆ, ಮೈ ತೂಗಿ ನಿಲ್ಲುವುದಕ್ಕೆ. ಕರೆಂಟಿನ ತಂತಿಗಿರುವ ಹಾಗೆ ನರಕ್ಕೂ ಒಂದು ಹೊದಿಕೆಯುಂಟು. ಆ ಹೊದಿಕೆಯಲ್ಲಿ ಬೆಳೆಯುವ ಗಡ್ಡೆಗೆ ಷ್ವಾನೋಮಾ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತದೆ. ಆದರೆ ದೊಡ್ಡದಾಗಿ ಮಿದುಳನ್ನು ಒತ್ತಿದರೆ ಪ್ರಾಣಕ್ಕೇ ಅಪಾಯ. ಮಕ್ಕಳಲ್ಲಿ ಬಹಳ ಅಪರೂಪ. ಬಂದರೆ ಎನ್‌ಎಫ್‌2 ಎಂಬ ಜೀನಿನ ದೋಷವಿದೆಯೇ ಎಂದು ನೋಡುತ್ತಾರೆ. ಅದಿದ್ದರೆ ಎರಡೂ ಕಿವಿಯ ನರಕ್ಕೆ ಗಡ್ಡೆ ಬರುವುದುಂಟು.

ಜೀನು ಎಂದದ್ದೇ ತಡ, “ನಮ್ಮ ವಂಶದಲ್ಲಿ ಇಂಥದ್ದಿಲ್ಲ” ಎಂದರು ತಂಗಿಯ ಅತ್ತೆ. ಈ ದೋಷವಿರುವವರಲ್ಲಿ ಸುಮಾರು ಅರ್ಧ ಮಂದಿಗೆ ಅದು ತಂದೆತಾಯಿಯಿಂದ ಬಂದದ್ದೇ ಅಲ್ಲ, ಹೊಸದಾಗಿ ಹುಟ್ಟಿದ್ದು. ನಮ್ಮ ಹುಡುಗಿಗಂತೂ ಆ ದೋಷವೇ ಇರಲಿಲ್ಲ. ಆಡಿದ ಮಾತು ಮಾತ್ರ ಉಳಿಯಿತು.

ಆಪರೇಷನ್ ಬೆಂಗಳೂರಿನಲ್ಲಾಯಿತು. ಕಿವಿಯ ಹಿಂದೆ ಮೂಳೆಯಲ್ಲಿ ಕಿಂಡಿ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೆಲಸ. ಎಣ್ಣೆಗಾಯಿಗೆ ಹಾಗಲಕಾಯಿಯ ತಿರುಳು ತೆಗೆಯುವುದಿಲ್ಲವೇ, ಹಾಗೆ ಮೊದಲು ಗಡ್ಡೆಯ ಒಳಗನ್ನು ಖಾಲಿ ಮಾಡಿ, ಆಮೇಲೆ ಸಿಪ್ಪೆಯನ್ನು ಮೆಲ್ಲಗೆ ಬಿಡಿಸುತ್ತಾರೆ. ಪಕ್ಕದಲ್ಲೇ ಮುಖವನ್ನು ಆಡಿಸುವ ಏಳನೆಯ ನರ. ಅದರ ಹತ್ತಿರ ಬಂದರೆ ಎಚ್ಚರಿಸಲು ಮಗುವಿನ ಮುಖಕ್ಕೆ ತಂತಿ ಸಿಕ್ಕಿಸಿರುತ್ತಾರೆ. ನರಕ್ಕೆ ಅಂಟಿದ ಚೂರನ್ನು ಕೆಲವೊಮ್ಮೆ ಬೇಕೆಂದೇ ಬಿಟ್ಟು, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿರುತ್ತಾರೆ.

ಎಡಗಿವಿ ಮರಳಿ ಬರಲಿಲ್ಲ. ಬಾಯಿ ಸೊಟ್ಟಗಾಗಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಹಗಲು ಕಣ್ಣಿಗೆ ಡ್ರಾಪ್ಸು, ರಾತ್ರಿ ರೆಪ್ಪೆಗೆ ಟೇಪು. ಎಂಟು ತಿಂಗಳಲ್ಲಿ ನಗು ಬಹುಪಾಲು ನೆಟ್ಟಗಾಯಿತು. ಈಗ ಕ್ಲಾಸಿನಲ್ಲಿ ಮುಂದಿನ ಸಾಲಿನ ಎಡತುದಿಯಲ್ಲಿ ಕೂರುತ್ತಾಳೆ, ಬಲಗಿವಿ ಟೀಚರ ಕಡೆಗೆ.

ಒಂದೇ ಕಿವಿ ಮಂದವಾದರೆ, ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ನಡಿಗೆ ತಪ್ಪಿದರೆ, ಮುಖ ಒಂದು ಕಡೆ ಜೋತರೆ ತಡಮಾಡಬೇಡಿ. ಬಹಳ ಸಲ ಬರೀ ಗುಗ್ಗೆಯೋ ನೆಗಡಿಯೋ ಇರುತ್ತದೆ, ಆದರೂ ತೋರಿಸಿ. ಎಣ್ಣೆ ಬಿಡಬೇಡಿ. ಆಪರೇಷನ್ ಎಂದರೆ, “ಮುಖದ ನರ ಉಳಿಯುತ್ತದೆಯೇ? ಕೇಳಿಸುತ್ತದೆಯೇ? ಕಾದು ನೋಡಬಹುದೇ?” ಎಂದು ಧೈರ್ಯವಾಗಿ ಕೇಳಿ.

ಮತ್ತೆ ಮಗುವನ್ನು ಗದರುವ ಮೊದಲು ಒಂದು ಸಲ ಇನ್ನೊಂದು ಪಕ್ಕಕ್ಕೆ ಹೋಗಿ ಕರೆಯಿರಿ. ನಾನು ಕರೆಯಲಿಲ್ಲ.