ಖರೆ ಹುಚ್ಚೋ, ಹುಚ್ಚಿನ ಸೋಗೋ?

ಕೃಷ್ಣಾ ದಂಡೆಯ ಅಂಕಲಿ, ಮಾಂಜರಿ, ಯಡೂರ ಕಡೆಗೆ ‘ಸೋಗು’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬಯಲಾಟದಲ್ಲಿ ಬಣ್ಣ ಬಳಿದುಕೊಂಡು ಬರುವ ವೇಷ ಸೋಗು. ಇಲ್ಲದ್ದನ್ನು ಇದೆ ಎಂದು ತೋರಿಸಿಕೊಳ್ಳುವುದೂ ಸೋಗು. ಮೊದಲನೆಯದನ್ನು ಜನ ನಿದ್ದೆಗೆಟ್ಟು ನೋಡುತ್ತಾರೆ. ಎರಡನೆಯದನ್ನು ಕಂಡರೆ ಸಿಟ್ಟಾಗುತ್ತಾರೆ. ಈ ಎರಡೂ ಅರ್ಥಗಳು ಒಂದೇ ಪಾತ್ರದಲ್ಲಿ ಬೆರೆತ ನಾಟಕವೊಂದಿದೆ. ಅದು ಶೇಕ್ಸ್‌ಪಿಯರ್ ಸುಮಾರು 1600ರಲ್ಲಿ ಬರೆದ ‘ಹ್ಯಾಮ್ಲೆಟ್’. ಅದರ ನಾಯಕನಿಗೆ ನಿಜವಾಗಿಯೂ ಹುಚ್ಚು ಹಿಡಿದಿತ್ತೇ, ಇಲ್ಲವೆ ಅದು ಬರೀ ಸೋಗೇ ಎಂಬ ಚರ್ಚೆ ಬಹುಕಾಲದಿಂದ ನಡೆದುಬಂದಿದೆ.

ಈ ನಾಟಕ ಗಡಿನಾಡಿಗೆ ಪರಕೀಯವಲ್ಲ. ಅಂಕಲಿಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆಯಾದದ್ದು ಕರ್ನಾಟಕದಿಂದ ಹೋಗಿದ್ದ ಭಾಗವತರ ಆಟ. ಅದಾಗಿ ನಲವತ್ತು ವರ್ಷಗಳಿಗೆ, 1883ರಲ್ಲಿ, ಸಮಾಜ ಸುಧಾರಕ ಗೋಪಾಳ ಗಣೇಶ ಆಗರಕರರು ಹ್ಯಾಮ್ಲೆಟ್ಟನ್ನು ‘ವಿಕಾರವಿಲಸಿತ’ ಎಂಬ ಹೆಸರಿನಿಂದ ಮರಾಠಿಗೆ ತಂದರು. ಕನ್ನಡದಲ್ಲಿ ಕುವೆಂಪು ಅವರು 1930ರ ದಶಕದ ಆರಂಭದಲ್ಲಿ ಅದೇ ಕಥೆಯನ್ನು ಬಿದನೂರಿನ ಇತಿಹಾಸಕ್ಕೆ ಹೊಂದಿಸಿ ‘ರಕ್ತಾಕ್ಷಿ’ ಬರೆದರು. ಅಲ್ಲಿ ಒಫೀಲಿಯಾಳ ಜಾಗದಲ್ಲಿ ರುದ್ರಾಂಬೆ ಬರುತ್ತಾಳೆ. ಆಗರಕರರು ಇಟ್ಟ ಹೆಸರು ವಿಚಾರ ಮಾಡುವಂಥದು. ವಿಕಾರ ಎಂದರೆ ಮನಸ್ಸಿನ ಕದಡು. ವಿಲಸಿತ ಎಂದರೆ ಅದರ ಆಟ. ಕದಡೂ ಉಂಟು, ಆಟವೂ ಉಂಟು!

ಕಥೆ ತಿಳಿಯದ ವಿದ್ಯಾರ್ಥಿಗಳಿಗಾಗಿ ಎರಡು ಮಾತು. ಡೆನ್ಮಾರ್ಕಿನ ಅರಸ ಸತ್ತು ಎರಡು ತಿಂಗಳು ತುಂಬುವ ಮೊದಲೇ ಅವನ ತಮ್ಮ ಕ್ಲಾಡಿಯಸ್ ಪಟ್ಟವೇರಿ ಅತ್ತಿಗೆಯನ್ನೇ ಮದುವೆಯಾಗುತ್ತಾನೆ. ಸತ್ತ ಅರಸನ ಪ್ರೇತ ಮಗ ಹ್ಯಾಮ್ಲೆಟ್ಟನಿಗೆ ಕಾಣಿಸಿಕೊಂಡು, ಮಲಗಿದ್ದಾಗ ತಮ್ಮನೇ ಕಿವಿಗೆ ವಿಷ ಸುರಿದು ಕೊಂದನೆಂದೂ ಸೇಡು ತೀರಿಸಬೇಕೆಂದೂ ಹೇಳುತ್ತದೆ. ಆ ರಾತ್ರಿಯೇ ರಾಜಕುಮಾರ ಗೆಳೆಯ ಹೊರೇಷಿಯೋನಿಂದ ಆಣೆ ಮಾಡಿಸಿಕೊಳ್ಳುತ್ತಾನೆ: ತಾನು ಇನ್ನು ಮುಂದೆ ವಿಚಿತ್ರವಾಗಿ ನಡೆದುಕೊಳ್ಳಬಹುದು, ಆಗ ಗುಟ್ಟು ಬಿಟ್ಟುಕೊಡಬಾರದು.

ಇಷ್ಟು ಕೇಳಿದರೆ ಸಾಕು, ‘ಹಾಗಾದರೆ ಸೋಗೇ’ ಎಂದು ಯಾರೂ ಹೇಳಿಬಿಡುತ್ತಾರೆ. ಆದರೆ ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡುವುದು ವಿಜ್ಞಾನದ ದಾರಿಯಲ್ಲ.

ಪೊಲೋನಿಯಸನ ತಪ್ಪು

ನಾಟಕದೊಳಗೆ ಈ ಪ್ರಶ್ನೆಯ ಬೆನ್ನು ಹತ್ತಿದ ಮೊದಲಿಗ ಮಂತ್ರಿ ಪೊಲೋನಿಯಸ್. ತನ್ನ ಮಗಳು ಒಫೀಲಿಯಾಳನ್ನು ಕಾಣಗೊಡದ್ದಕ್ಕೆ ರಾಜಕುಮಾರನಿಗೆ ಪ್ರೇಮದ ಹುಚ್ಚು ಹಿಡಿದಿದೆ ಎಂದು ಆತ ಮೊದಲೇ ತೀರ್ಮಾನಿಸುತ್ತಾನೆ. ಆಮೇಲೆ ಕಂಡದ್ದೆಲ್ಲವೂ ಅವನಿಗೆ ಅದಕ್ಕೇ ಸಾಕ್ಷಿ. ಅಡ್ಡಾದಿಡ್ಡಿ ಉತ್ತರ ಬಂದರೂ ಪ್ರೇಮ, ಜಾಣ ಉತ್ತರ ಬಂದರೂ ಪ್ರೇಮ. ಉತ್ತರವನ್ನು ಹಿಂದಿನ ಪುಟದಲ್ಲಿ ನೋಡಿಕೊಂಡು ಲೆಕ್ಕ ಬಿಡಿಸುವ ಹುಡುಗನ ರೀತಿ ಇದು. ವಿಚಿತ್ರವೆಂದರೆ, ಇಬ್ಬರ ಮಾತನ್ನು ಮರೆಯಲ್ಲಿ ನಿಂತು ಕೇಳಿದ ಕೊಲೆಗಾರ ಕ್ಲಾಡಿಯಸನೇ ಸರಿಯಾಗಿ ಗ್ರಹಿಸುತ್ತಾನೆ. ಇದು ಪ್ರೇಮವೂ ಅಲ್ಲ, ಪೂರ್ತಿ ಹುಚ್ಚೂ ಅಲ್ಲ, ಮನಸ್ಸಿನಾಳದಲ್ಲಿ ಏನೋ ದುಃಖ ಕಾವು ಕೂತಿದೆ ಎಂದು ಆತನಿಗೆ ಅನ್ನಿಸುತ್ತದೆ. ಹೆದರಿದವನು ಸೂಕ್ಷ್ಮವಾಗಿ ನೋಡುತ್ತಾನೆ.

ಎರಡು ರಾಶಿ ಸಾಕ್ಷ್ಯ

ಸೋಗು ಎನ್ನಲು ಆಧಾರಗಳು ಬಲವಾಗಿವೆ. ಹ್ಯಾಮ್ಲೆಟ್ಟನ ವಿಚಿತ್ರ ಮಾತು ಎದುರಿಗೆ ಇರುವವರನ್ನು ನೋಡಿಕೊಂಡು ಬದಲಾಗುತ್ತದೆ. ಪೊಲೋನಿಯಸ್ ಬಂದರೆ ಅಸಂಬದ್ಧ. ಹೊರೇಷಿಯೋ ಬಂದರೆ ನೆಟ್ಟಗೆ. ಒಬ್ಬನೇ ಇದ್ದಾಗ ಆಳವಾದ ವಿಚಾರ. ನಟರು ಬಂದಾಗ ಅಭಿನಯ ಹೇಗಿರಬೇಕೆಂದು ಮೇಷ್ಟರಂತೆ ಪಾಠ ಹೇಳುತ್ತಾನೆ. ತಾಯಿ ಇವನಿಗೆ ಹುಚ್ಚೆಂದಾಗ ಎರಡು ಪರೀಕ್ಷೆಗಳನ್ನು ತಾನೇ ಮುಂದಿಡುತ್ತಾನೆ: ತನ್ನ ನಾಡಿ ಆಕೆಯ ನಾಡಿಯಷ್ಟೇ ಸಮನಾಗಿ ಬಡಿಯುತ್ತಿದೆ, ಆಡಿದ ಮಾತನ್ನೆಲ್ಲ ಬೇಕಾದರೆ ಇನ್ನೊಮ್ಮೆ ತಪ್ಪದೆ ಹೇಳಬಲ್ಲೆ. ಹಡಗಿನಲ್ಲಿ ತನ್ನ ಮರಣಪತ್ರವನ್ನು ತೆಗೆದು ಬೇರೆ ಪತ್ರ ಬರೆದಿಟ್ಟ ಕೈಗೆ ನಡುಕವಿರಲಿಲ್ಲ.

ಇನ್ನೊಂದು ರಾಶಿಯೂ ಹಗುರವಲ್ಲ. ಪ್ರೇತವನ್ನು ಮೊದಲು ಕಾವಲುಗಾರರೂ ಹೊರೇಷಿಯೋನೂ ಕಂಡಿದ್ದರು. ತಾಯಿಯ ಕೋಣೆಗೆ ಅದು ಬಂದಾಗ ಕಾಣುವುದು ಹ್ಯಾಮ್ಲೆಟ್ಟನಿಗೆ ಮಾತ್ರ. ಪರದೆಯ ಹಿಂದೆ ಯಾರಿದ್ದಾರೆಂದು ನೋಡದೆ ಕತ್ತಿ ಇರಿದು ಪೊಲೋನಿಯಸನನ್ನು ಕೊಲ್ಲುತ್ತಾನೆ. ಒಫೀಲಿಯಾಳ ಗೋರಿಗೆ ಹಾರಿ ಅವಳ ಅಣ್ಣನ ಜೊತೆ ಕೈಕೈ ಮಿಲಾಯಿಸುತ್ತಾನೆ. ಅವನ ಹೇಳಿಕೆಗಳೂ ಒಂದಕ್ಕೊಂದು ಹೊಂದುವುದಿಲ್ಲ. ತಾಯಿಯ ಮುಂದೆ ತನ್ನ ಹುಚ್ಚು ಬರೀ ಉಪಾಯವೆಂದವನು, ಕಡೆಗೆ ಒಫೀಲಿಯಾಳ ಅಣ್ಣನ ಕ್ಷಮೆ ಬೇಡುವಾಗ ತಪ್ಪು ಮಾಡಿದ್ದು ತಾನಲ್ಲ, ತನ್ನ ಹುಚ್ಚು ಎನ್ನುತ್ತಾನೆ. ಯಾವುದನ್ನು ನಂಬಬೇಕು?

ಇಲ್ಲಿ ಹಳೆಯ ಕಥೆ ನೆರವಿಗೆ ಬರುತ್ತದೆ. ಸುಮಾರು 1200ರ ಹೊತ್ತಿಗೆ ಸ್ಯಾಕ್ಸೋ ಎಂಬ ಡೆನ್ಮಾರ್ಕಿನ ವಿದ್ವಾಂಸ ಬರೆದಿಟ್ಟ ಮೂಲಕಥೆಯಲ್ಲಿ ಕೊಲೆ ಎಲ್ಲರಿಗೂ ಗೊತ್ತು. ರಾಜಕುಮಾರ ಜೀವ ಉಳಿಸಿಕೊಳ್ಳಲು ಹುಚ್ಚನ ಸೋಗು ಹಾಕುತ್ತಾನೆ. ಭಾಗವತದ ಜಡಭರತನೂ ಲೋಕದ ಸಂಗ ಬೇಡವೆಂದು ಮಂಕನಂತೆ ಇದ್ದವನೇ. ಇವರಿಬ್ಬರ ಸೋಗಿಗೂ ಕಾರಣ ಸ್ಪಷ್ಟ. ಶೇಕ್ಸ್‌ಪಿಯರ್ ಮಾತ್ರ ಕೊಲೆಯನ್ನು ಗುಟ್ಟಾಗಿಸಿಬಿಟ್ಟ. ಆಗ ಸೋಗಿನ ಅಗತ್ಯವೇ ಇಲ್ಲ. ಬದಲಿಗೆ, ಅದರಿಂದಲೇ ಅರಸನಿಗೆ ಸಂಶಯ ಹುಟ್ಟುತ್ತದೆ. ಬೇಕಿಲ್ಲದ ಸೋಗನ್ನು ಒಬ್ಬ ಜಾಣ ಏಕೆ ಹಾಕಿದ?

ಉತ್ತರಕ್ಕೆ ನಾಟಕದ ಆರಂಭಕ್ಕೇ ಹೋಗಬೇಕು. ಪ್ರೇತ ಕಾಣುವುದಕ್ಕೆ ಮುಂಚೆ, ಸೋಗಿನ ಯೋಚನೆ ಹುಟ್ಟುವುದಕ್ಕೂ ಮುಂಚೆ, ಆ ಹುಡುಗ ಒಬ್ಬನೇ ನಿಂತು ಈ ದೇಹ ಕರಗಿಹೋಗಬಾರದೇ ಎಂದು ಹಲುಬುತ್ತಾನೆ. ಜಗತ್ತೇ ಅವನಿಗೆ ಕಳೆ ತುಂಬಿದ ತೋಟದಂತೆ ಕಾಣುತ್ತದೆ. ಆಗ ಅವನ ಮುಂದೆ ಪ್ರೇಕ್ಷಕರಾಗಿ ಯಾರೂ ಇಲ್ಲ; ಆದ್ದರಿಂದ ಅದು ನಟನೆಯಲ್ಲ. ಮೇಲಿನ ವೇಷ ಸುಳ್ಳು, ಒಳಗಿನ ನೋವು ಖರೆ. ದುಃಖವನ್ನು ನೇರವಾಗಿ ಹೇಳಲಾಗದವನಿಗೆ ಹುಚ್ಚಿನ ವೇಷದಲ್ಲಿ ಅದನ್ನು ಸ್ವಲ್ಪಮಟ್ಟಿಗೆ ಹೇಳಿಕೊಳ್ಳಲು ಆಯಿತು. ‘ಖರೆಯೋ ಸೋಗೋ’ ಎಂದು ಒಂದನ್ನೇ ಆರಿಸಲು ಕೇಳುವ ಪ್ರಶ್ನೆಯಲ್ಲಿಯೇ ದೋಷವಿದೆ.

ಪ್ರಯೋಗದಲ್ಲಿ ಹೋಲಿಸಿ ನೋಡಲು ಇನ್ನೊಂದು ಮಾದರಿ ಇಟ್ಟುಕೊಳ್ಳುವುದುಂಟು. ನಾಟಕದಲ್ಲಿ ಆ ಮಾದರಿ ಒಫೀಲಿಯಾ. ತಂದೆ ಸತ್ತ ಮೇಲೆ ಆಕೆಗೆ ಬುದ್ಧಿ ಕೆಡುತ್ತದೆ. ಎದುರಿಗೆ ರಾಣಿಯಿರಲಿ, ಅರಸನಿರಲಿ, ಅಣ್ಣನಿರಲಿ, ಅದೇ ಹಾಡು, ಅದೇ ಹೂವು. ಎದುರಿನವರನ್ನು ನೋಡಿ ಬದಲಾಗುವುದು ಅವಳಲ್ಲಿಲ್ಲ. ಅವಳ ಮೇಲೆ ಕಣ್ಣಿಡಲು ಅರಸ ಆಜ್ಞೆ ಮಾಡುತ್ತಾನೆ. ಆದರೆ ಅವಳ ಹತ್ತಿರ ಕೂತು ಸಂಕಟ ಕೇಳುವವರಿಲ್ಲ. ಅವಳು ನೀರಿನ ಪಾಲಾಗುತ್ತಾಳೆ.

ಹೊರಗಿನ ಲಕ್ಷಣ ಸಾಕೇ?

ಲಕ್ಷಣ ನೋಡಿ ನಿರ್ಧರಿಸುವುದು ವೈದ್ಯರಿಗೂ ಸುಲಭವಲ್ಲ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ರೋಸೆನ್‌ಹನ್ ಒಂದು ಲೇಖನ ಪ್ರಕಟಿಸಿದ. ಎಂಟು ಜನ ಆರೋಗ್ಯವಂತರು ಕಿವಿಯಲ್ಲಿ ದನಿ ಕೇಳುತ್ತದೆ ಎಂದು ಸುಳ್ಳು ಹೇಳಿ 12 ಆಸ್ಪತ್ರೆಗಳಲ್ಲಿ ದಾಖಲಾದರು. ಒಳಗೆ ಹೋದ ಮೇಲೆ ಸಹಜವಾಗಿಯೇ ಇದ್ದರೂ ಸರಾಸರಿ 19 ದಿನ ಅಲ್ಲಿರಬೇಕಾಯಿತು ಎಂಬುದು ಅದರ ಸಾರಾಂಶ. ಈ ವರದಿ ಜಗತ್ತಿನಾದ್ಯಂತ ಗದ್ದಲವೆಬ್ಬಿಸಿತು. 2019ರಲ್ಲಿ ಪತ್ರಕರ್ತೆ ಸೂಸನಾ ಕಹಾಲನ್ ತಮ್ಮ ಪುಸ್ತಕದಲ್ಲಿ ಆ ಅಧ್ಯಯನದ ಪ್ರಾಮಾಣಿಕತೆಯ ಬಗೆಗೇ ಸಂಶಯ ಎತ್ತಿದರು. ಸೋಗನ್ನು ಕುರಿತ ಅಧ್ಯಯನವೇ ಸೋಗಿನ ಆರೋಪಕ್ಕೆ ಒಳಗಾಯಿತು! ಹೊರಗಿನ ಒಂದು ಲಕ್ಷಣ ಹಿಡಿದು ತೀರ್ಪು ಕೊಟ್ಟರೆ ಎರಡೂ ದಿಕ್ಕಿನಲ್ಲಿ ಮೋಸಹೋಗಬಹುದು ಎಂಬ ಎಚ್ಚರವಂತೂ ಉಳಿಯುತ್ತದೆ.

ಪಾಲಕರಿಗೆ ಒಂದು ಮಾತು

ಪರೀಕ್ಷೆ ಹತ್ತಿರ ಬಂದಾಗ ‘ಹೊಟ್ಟೆ ನೋಯ್ತೈತಿ’ ಎನ್ನುವ ಮಗ, ಊಟ ಬಿಟ್ಟು ಮೂಲೆಗೆ ಕೂಡುವ ಮಗಳು ಯಾವ ಊರಿನಲ್ಲಿಲ್ಲ? ‘ಸಾಲಿ ತಪ್ಪಿಸಾಕ ನಾಟಕ ಮಾಡ್ತಾನ’ ಎಂಬುದು ಮನೆಯಲ್ಲಿ ಬರುವ ಮೊದಲ ಮಾತು. ಅದು ಪೊಲೋನಿಯಸನ ರೀತಿ. ಹೊಟ್ಟೆನೋವು ನೆಪವೇ ಇರಬಹುದು. ಆದರೆ ನೆಪದ ಹಿಂದಿನ ಅಂಜಿಕೆ ನೆಪವಲ್ಲ. ಮೇಲಾಗಿ, ಮನಸ್ಸಿನ ಕಳವಳದಿಂದ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಮಿದುಳಿಗೂ ಕರುಳಿಗೂ ನರಗಳ ಸಂಪರ್ಕವಿದೆ.

ಹಾಗಾದರೆ ಪಾಲಕರು ನೋಡಬೇಕಾದದ್ದೇನು? ನಿದ್ದೆ, ಊಟ, ಗೆಳೆಯರ ಒಡನಾಟ, ಮೊದಲು ಇಷ್ಟವಿದ್ದ ಆಟ-ಪಾಠಗಳಲ್ಲಿ ಬದಲಾವಣೆ ಇದೆಯೇ? ಎಷ್ಟು ದಿನದಿಂದ? ಮನೆಯಲ್ಲಿ ಮಾತ್ರವೋ, ಶಾಲೆಯಲ್ಲೂ ಹಾಗೆಯೋ? ಎರಡು ವಾರ ಮೀರಿ ಹೀಗೇ ಇದ್ದರೆ ವೈದ್ಯರಿಗೆ ತೋರಿಸಬೇಕು. ಸಾಯುವ ಮಾತು ಬಾಯಲ್ಲಿ ಬಂದರೆ ಎರಡು ವಾರವಲ್ಲ, ಎರಡು ತಾಸೂ ಕಾಯಬಾರದು. ಅದನ್ನು ನಾಟಕವೆಂದು ಎಂದೂ ತಳ್ಳಿಹಾಕಬಾರದು. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವಿದ್ಯಾರ್ಥಿಗಳೂ ನೇರವಾಗಿ ಮಾಡಬಹುದು.

ಹ್ಯಾಮ್ಲೆಟ್ಟನ ಸುತ್ತ ಅರಸ, ಮಂತ್ರಿ, ಹಳೆಯ ಸಹಪಾಠಿಗಳು ಎಲ್ಲರೂ ಅವನನ್ನು ಪರೀಕ್ಷಿಸಿದರು, ಮರೆಯಲ್ಲಿ ನಿಂತು ಕದ್ದು ಕೇಳಿದರು. ಅವನ ಮಾತನ್ನು ಎದುರಿಗೆ ಕೂತು ಕೇಳಿದವನು ಹೊರೇಷಿಯೋ ಒಬ್ಬನೇ. ಅವನ ಮುಂದೆ ರಾಜಕುಮಾರ ಸೋಗು ಹಾಕಲಿಲ್ಲ. ಪ್ರತಿ ಮನೆಯಲ್ಲೂ ಮಕ್ಕಳಿಗೆ ಅಂಥ ಒಬ್ಬರು ಬೇಕು. ಅದು ಅಪ್ಪನೇ ಆದರೆ, ಅವ್ವನೇ ಆದರೆ, ಇನ್ನೂ ಒಳ್ಳೆಯದು.