ಫ್ಯಾನಿನ ಸದ್ದು ಹಣೆಬರಹವಲ್ಲ, ಅದೊಂದು ಸೆಟ್ಟಿಂಗು

ಹೋದ ಮುಂಗಾರಿನಲ್ಲಿ ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಂದು ರಾತ್ರಿ ಉಳಿದಿದ್ದೆ. ಹೊಲದಾಚೆ ಗಾಳಿಯಂತ್ರ, ಊರವರ ಬಾಯಲ್ಲಿ ಅದು 'ಫ್ಯಾನು'. "ಹಗಲ ಹೊತ್ತಿನ್ಯಾಗ ಏನೂ ಅನಸೂದಿಲ್ರಿ. ರಾತ್ರಿ ಊರು ತಣ್ಣಗಾತಂದ್ರ ಕಿವಿಯೊಳಗ ಅದರದ ಸಪ್ಪಳ" ಎಂದರು ಮನೆಯ ಹಿರಿಯರು. ದೂರಿದರೆ ಅವರಿಗೆ ಸಿಕ್ಕ ಉತ್ತರ: ಗಾಳಿ ಬೀಸಿದರೆ ಸದ್ದು ಬಂದೇ ಬರುತ್ತೆ, ಏನು ಮಾಡೋಕಾಗುತ್ತೆ?

ಮಾಡೋಕಾಗುತ್ತೆ.

ಈಗಿನ ಯಂತ್ರಗಳ ಪ್ರತಿ ರೆಕ್ಕೆಯೂ ತನ್ನ ಬುಡದಲ್ಲಿ ಹೊರಳಬಲ್ಲದು. ಇದೇ ಪಿಚ್ ಕಂಟ್ರೋಲ್. ಮೊರವನ್ನು ಗಾಳಿಗೆ ಅಡ್ಡ ಹಿಡಿದರೆ ಕೈ ಎಳೆಯುತ್ತದೆ, ಅಂಚು ಕೊಟ್ಟರೆ ಸುಮ್ಮನಿರುತ್ತದಲ್ಲ, ಹಾಗೆ. ಗಾಳಿ ಸೆಕೆಂಡಿಗೆ ಸುಮಾರು 12 ಮೀಟರ್ ಮುಟ್ಟುವ ತನಕ ರೆಕ್ಕೆ ಹೆಚ್ಚು ಶಕ್ತಿ ಹಿಡಿಯುವ ಕೋನದಲ್ಲಿರುತ್ತದೆ. ಅದು ಮೀರಿದರೆ ಕಂಪ್ಯೂಟರ್ ರೆಕ್ಕೆಯನ್ನು ಹೊರಳಿಸಿ ಹೆಚ್ಚುವರಿ ಗಾಳಿಯನ್ನು ಜಾರಿಸಿಬಿಡುತ್ತದೆ. 25 ಮೀಟರ್ ಆಸುಪಾಸಿನಲ್ಲಿ ಪೂರ್ತಿ ಅಂಚು ಕೊಟ್ಟು ಯಂತ್ರ ನಿಲ್ಲುತ್ತದೆ.

ಸದ್ದು ಹೆಚ್ಚಾಗಿ ಹುಟ್ಟುವುದು ರೆಕ್ಕೆಯ ತುದಿಭಾಗದ ಹಿಂದಿನ ಅಂಚಿನಲ್ಲಿ. ಆ ತುದಿ ಗಂಟೆಗೆ 250 ಕಿ.ಮೀ. ದಾಟಿ ಓಡುತ್ತಿರುತ್ತದೆ. ಕೋನ ಬದಲಿಸಿ, ತಿರುಗುವ ವೇಗವನ್ನು ಶೇ. 10ರಷ್ಟು ತಗ್ಗಿಸಿದರೂ ಸುಮಾರು 2 ಡೆಸಿಬಲ್ ಇಳಿಯುತ್ತದೆ. ಇನ್ನಷ್ಟು ತಗ್ಗಿಸಿದರೆ ಇನ್ನಷ್ಟು. ಬದಲಿಗೆ ಒಂದಿಷ್ಟು ವಿದ್ಯುತ್ ನಷ್ಟ. ತಕರಾರು ಇರುವುದೇ ಇಲ್ಲಿ: ಯೂನಿಟ್ಟಿನ ಲಾಭ ಕಂಪನಿಗೆ, ಕೆಟ್ಟ ನಿದ್ದೆ ಪಕ್ಕದ ಮನೆಗೆ.

ರಾತ್ರಿಯೇ ಯಾಕೆ ಇಷ್ಟು ಕಾಟ? ಆಗ ನೆಲದ ಹತ್ತಿರ ಗಾಳಿ ಸತ್ತಿರುತ್ತದೆ, ನೂರು ಮೀಟರ್ ಮೇಲೆ ಜೋರಾಗಿಯೇ ಇರುತ್ತದೆ. ಊರು ಮೌನ, ಯಂತ್ರ ಪೂರ್ತಿ ವೇಗದಲ್ಲಿ.

ನಿಯಮಗಳಿಲ್ಲ ಅಂತಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬಲ್. ಮನೆಯಿಂದ 500 ಮೀಟರ್ ಒಳಗೆ ಯಂತ್ರ ಬೇಡ ಎಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಆದರೆ ಅದೇ ವರ್ಷ ಪವನ ವಿದ್ಯುತ್ತನ್ನು 'ಬಿಳಿ' ವರ್ಗಕ್ಕೆ ಸೇರಿಸಲಾಯಿತು. ಮಾಲಿನ್ಯ ಮಂಡಳಿಯ ಸಮ್ಮತಿ ಬೇಡ, ತಿಳಿಸಿದರೆ ಸಾಕು. ಸಮ್ಮತಿಪತ್ರವೇ ಇಲ್ಲದ ಮೇಲೆ ರಾತ್ರಿಯ ಷರತ್ತನ್ನು ಎಲ್ಲಿ ಬರೆಯುವುದು?

ಜರ್ಮನಿಯಲ್ಲಿ ಮನೆಗಳ ಬಳಿಯ ಎಷ್ಟೋ ಯಂತ್ರಗಳು ರಾತ್ರಿ ಕಡಿಮೆ ಸದ್ದಿನ ಮೋಡ್‌ನಲ್ಲಿ ಓಡುತ್ತವೆ. ಅನುಮತಿಯಲ್ಲೇ ಅದು ಬರೆದಿರುತ್ತದೆ.

ನಾನು ಗಾಳಿ ವಿದ್ಯುತ್ತಿನ ವಿರೋಧಿಯಲ್ಲ. ಕಲ್ಲಿದ್ದಲಿನ ಹೊಗೆಗಿಂತ ಇದು ಸಾವಿರ ಪಾಲು ವಾಸಿ. ಕೇಳುವುದು ಇಷ್ಟೇ: ಊರ ಹತ್ತಿರದ ಯಂತ್ರಗಳ ಸದ್ದನ್ನು ರಾತ್ರಿ ಹೊತ್ತು, ಮನೆಯಂಗಳದಲ್ಲೇ ಅಳೆಯಿರಿ, ಅಂಕಿಗಳನ್ನು ಪಂಚಾಯ್ತಿ ಬೋರ್ಡಿಗೆ ಹಚ್ಚಿ. ಮಿತಿ ಮೀರಿದರೆ ರೆಕ್ಕೆ ಹೊರಳಿಸಿ. ಜೋರು ಗಾಳಿಗೆ ಯಂತ್ರ ಮುರಿಯಬಾರದು ಅಂತ ಹೊರಳುವ ರೆಕ್ಕೆ, ಮನುಷ್ಯರ ನಿದ್ದೆಗೂ ಒಂಚೂರು ಹೊರಳಲಿ.