ಸಹಿ ಹಾಕುವ ಮೊದಲು ದ್ವೀಪದ ಹೆಸರು ಕೇಳಲಿ

ಮಾನ್ಯ ಕೌಶಲ್ಯಾಭಿವೃದ್ಧಿ ಸಚಿವರಿಗೆ,

ಬಿ.ಎಡ್. ಮುಗಿಸಿ ಮಾಲ್ಡೀವ್ಸಿಗೆ ಪಾಠ ಹೇಳಲು ಹೊರಡುವ ನಮ್ಮ ಹುಡುಗ ಹುಡುಗಿಯರ ಪರವಾಗಿ ಈ ಪತ್ರ. ನಿಮ್ಮ ಇಲಾಖೆಯ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇವರಿಗೆ ಒಂದು ದಿನದ ತರಬೇತಿ ಕೊಡಲಿ. ಅದನ್ನು ಅಲ್ಲಿ ದುಡಿದು ಬಂದ ಮೇಷ್ಟ್ರುಗಳೇ ನಡೆಸಲಿ. ಪದವಿ ಪತ್ರದ ದೃಢೀಕರಣ, ಪೊಲೀಸ್ ಕ್ಲಿಯರೆನ್ಸು ಇವೆಲ್ಲ ಹೇಗೋ ಆಗಿಬಿಡುತ್ತವೆ. ಏಜೆಂಟರು ಬಾಯಿ ಬಿಡದ ಸಂಗತಿಗಳೇ ಬೇರೆ.

ಸುಮಾರು 1,200 ದ್ವೀಪಗಳ ಆ ದೇಶದಲ್ಲಿ ಜನವಸತಿ ಇರುವುದು ಇನ್ನೂರಕ್ಕೂ ಕಡಿಮೆ ಕಡೆ. ರಾಜಧಾನಿ ಮಾಲೆಯ ಬಹುಮಹಡಿ ಕಟ್ಟಡಗಳ ಫೋಟೋ ನೋಡಿ ಹೊರಟವರಿಗೆ ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಯುವ ಊರು ಸಿಕ್ಕೀತು; ಅದಕ್ಕೇ ಸಹಿಗೆ ಮೊದಲು ಯಾವ ದ್ವೀಪ ಎಂದು ಕೇಳಲಿ. ವಿಮಾನ ಇಳಿಯುವುದೂ ಮಾಲೆಯಲ್ಲಲ್ಲ, ಪಕ್ಕದ ಹುಳುಲೆಯಲ್ಲಿ. ದೂರದ ಅಟಾಲ್ (ದ್ವೀಪಗಳ ಗುಂಪು) ಆದರೆ ಅಲ್ಲಿಂದ ಇನ್ನೊಂದು ಚಿಕ್ಕ ವಿಮಾನ, ಆಮೇಲೆ ಸ್ಪೀಡ್‌ಬೋಟು. ನೈಋತ್ಯ ಮುಂಗಾರಿನಲ್ಲಿ ಕಡಲು ಕೆರಳಿತೆಂದರೆ ಬೋಟು ಹೊರಡುವುದೇ ಇಲ್ಲ. ಆದ್ದರಿಂದ ಎರಡು ದಿನದ ಬಟ್ಟೆ, ಚೀಟಿ ಸಮೇತ ಮಾತ್ರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೂಲ ಅಂಕಪಟ್ಟಿ ಕೈಚೀಲದಲ್ಲೇ ಇರಬೇಕು. ಬೋಟಿನಲ್ಲಿ ಹಿಂದಿನ ಸೀಟು ಹಿಡಿಯಬೇಕು. ಅಲೆಗೆ ಮೂತಿ ಎದ್ದೆದ್ದು ಬಡಿಯುವಾಗ ಮುಂದೆ ಕೂತವರ ಸೊಂಟ ದೇವರೇ ಕಾಯಬೇಕು.

ಸಾಮಾನು ಕಟ್ಟಿಕೊಡುವ ಅಮ್ಮಂದಿರಿಗೂ ಒಂದು ಮಾತು ಹೇಳಿಸಿ. ಪ್ರೀತಿಯಿಂದ ಇಟ್ಟ ಪುಟ್ಟ ಗಣಪನನ್ನು ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ; ಪೂಜೆಯ ವಿಗ್ರಹ ತರುವುದಕ್ಕೆ ಅಲ್ಲಿ ನಿಷೇಧವಿದೆ. ಹುಣಸೆಹಣ್ಣು, ಸಾರಿನ ಪುಡಿ ಸಾಕಷ್ಟಿರಲಿ. ತರಕಾರಿ ಬರುವುದು ಸರಕಿನ ದೋಣಿಯಲ್ಲಿ, ಅದು ತಡವಾದರೆ ಅಂಗಡಿಯಲ್ಲಿ ಈರುಳ್ಳಿ, ಆಲೂಗಡ್ಡೆಯಷ್ಟೇ. ಮೀನು ತಿನ್ನುವವರು ಪುಣ್ಯವಂತರು. ಪ್ರಯಾಣಕ್ಕೆ 96 ಗಂಟೆಯೊಳಗೆ ತುಂಬಬೇಕಾದ ‘ಇಮುಗಾ’ ಎಂಬ ಪ್ರಯಾಣಿಕರ ಘೋಷಣೆಯ ಆನ್‌ಲೈನ್ ಅರ್ಜಿಗೆ ಶುಲ್ಕವಿಲ್ಲ. ದುಡ್ಡು ಕೇಳಿದರೆ ಅದು ಮೋಸ. ಪ್ರವಾಸಿ ವೀಸಾದಲ್ಲಿ ಹೋಗಿ ಪಾಠ ಶುರುಮಾಡಿ ಎಂದರಂತೂ ಇಲ್ಲೇ ಕೈಮುಗಿದುಬಿಡಲಿ.

ಎಲ್ಲಕ್ಕಿಂತ ಕಸಿವಿಸಿಯಾಗುವುದು ದುಡ್ಡಿನ ವಿಷಯದಲ್ಲಿ. ಸಂಬಳ ಅಲ್ಲಿನ ರುಫಿಯಾದಲ್ಲಿ ಕೈಗೆ ಬಂದರೆ ಅದನ್ನು ಡಾಲರಾಗಿಸಿ ಊರಿಗೆ ಕಳಿಸಬೇಕು. ಡಾಲರಿಗೆ ಅಲ್ಲಿ ಬರ, ಹಾಗಾಗಿ ಬ್ಯಾಂಕುಗಳು ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕುತ್ತವೆ. ಇತ್ತ ಊರಲ್ಲಿ ಗೃಹಸಾಲದ ಕಂತು ಕಾಯುವುದಿಲ್ಲ. ಒಪ್ಪಂದದಲ್ಲಿ ಕಾಣುವ ಮೊತ್ತ ಬೇರೆ, ಅಪ್ಪನ ಖಾತೆಗೆ ಬಂದು ಬೀಳುವ ಮೊತ್ತ ಬೇರೆ. ಸಂಬಳ ಯಾವ ಹಣದಲ್ಲಿ, ಮನೆ ಬಾಡಿಗೆ ಯಾರ ತಲೆಗೆ, ರಜೆಯ ಟಿಕೆಟ್ ಯಾರದು ಎಂದು ಸಹಿಗೆ ಮೊದಲೇ ಬಾಯಿಬಿಟ್ಟು ಕೇಳುವ ಧೈರ್ಯವನ್ನು ಈ ಮಕ್ಕಳಿಗೆ ಯಾರೂ ಕೊಟ್ಟಿಲ್ಲ.

ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಈ ಒಂದು ಸಾಲನ್ನು ಎಲ್ಲ ಬಿ.ಎಡ್. ಕಾಲೇಜುಗಳ ಸೂಚನಾ ಫಲಕಕ್ಕೆ ಅಂಟಿಸಲು ನಿಮಗೆ ಬಜೆಟ್ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ತರಬೇತಿಗೆ ದಿನ ಗೊತ್ತುಮಾಡಿದರೆ ಬಸ್ ಚಾರ್ಜನ್ನೂ ಕೇಳದೆ ಬರುವ ಮೇಷ್ಟ್ರುಗಳನ್ನು ನಾನು ಕರೆತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಾಲ್ಡೀವ್ಸಿನಲ್ಲಿ ಪಾಠ ಹೇಳಿ ಬಂದ ಒಬ್ಬ ಗಣಿತದ ಮೇಷ್ಟ್ರು